ಕೊರ್ಲಿಯೋನೆಯ ಇಬ್ಬರು ಮಕ್ಕಳು

ಭೂಪಟದಲ್ಲಿ ಇಟಲಿ ಒಂದು ಉದ್ದನೆಯ ಬೂಟಿನಂತೆ ಕಾಣುತ್ತದೆ. ಆ ಬೂಟಿನ ತುದಿಗೆ ತಾಗಿಯೂ ತಾಗದಂತೆ ಬಿದ್ದಿರುವ ಮುಮ್ಮೂಲೆಯ ದ್ವೀಪವೇ ಸಿಸಿಲಿ. ಅದರ ಪೂರ್ವ ಕರಾವಳಿಯಲ್ಲಿ ಮೆಸ್ಸೀನಾದಿಂದ ತಾವೋರ್ಮಿನಾದತ್ತ ಸಾಗುವ ರೈಲಿನ ಒಂದು ಬದಿಗೆ ನೀಲಿ ಸಮುದ್ರ, ಇನ್ನೊಂದು ಬದಿಗೆ ಬೆಟ್ಟದ ಸಾಲು. ನಡುವೆ ಸಾಂತಾ ತೆರೇಸಾ ದಿ ರಿವಾ ಎಂಬ ಪುಟ್ಟ ಪಟ್ಟಣದಲ್ಲಿ ಇಳಿದು, ಹಾವಿನಂತೆ ಸುತ್ತುವ ಘಟ್ಟದ ರಸ್ತೆಯಲ್ಲಿ ನಾಲ್ಕೈದು ಕಿ.ಮೀ. ಮೇಲೇರಿದರೆ ಸವೋಕಾ ಎಂಬ ಊರು ಎದುರಾಗುತ್ತದೆ. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಕಲ್ಲಿನ ಮನೆಗಳು, ಹಳೆಯ ಇಗರ್ಜಿಗಳು, ಕಪುಚಿನ್ ಸನ್ಯಾಸಿಗಳ ಮಠದ ನೆಲಮಾಳಿಗೆಯಲ್ಲಿ ಒಣಗಿಸಿ ಕಾದಿರಿಸಿದ ಹಿಂದಿನ ಕಾಲದ ಶ್ರೀಮಂತರ ಶವಗಳು. ಊರಿನ ವಿಶೇಷವೆಂದರೆ ಇಷ್ಟೇ. ಆದರೂ ಬೇಸಿಗೆಯ ಯಾವ ದಿನ ಹೋದರೂ ಇಲ್ಲಿ ಪ್ರವಾಸಿಗರ ಜಾತ್ರೆ.

ಅವರೆಲ್ಲ ಬರುವುದು ಒಂದು ಕಾಫಿ ಅಂಗಡಿಯನ್ನು ನೋಡಲು. ಹೆಸರು ಬಾರ್ ವಿಟೆಲ್ಲಿ. ಹಳೆಯ ಕಲ್ಲಿನ ಕಟ್ಟಡದ ಮುಂದೆ ಬಳ್ಳಿಯ ಚಪ್ಪರ, ಅದರ ನೆರಳಲ್ಲಿ ನಾಲ್ಕಾರು ಮೇಜು ಕುರ್ಚಿ. ಬಂದವರು ಇಲ್ಲಿ ಕುಳಿತು ಪುಡಿಮಾಡಿದ ಮಂಜಿಗೆ ನಿಂಬೆರಸ ಬೆರೆಸಿದ ಗ್ರನೀತಾ ಸವಿಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಎದುರಿನ ಚೌಕದಲ್ಲಿ ಕ್ಯಾಮೆರಾ ಹಿಡಿದು ನಿಂತ ಒಬ್ಬ ನಿರ್ದೇಶಕನ ಆಕೃತಿಯನ್ನು ಲೋಹದ ತಗಡಿನಲ್ಲಿ ಕತ್ತರಿಸಿ ನಿಲ್ಲಿಸಿದ್ದಾರೆ. ಆತ ಫ್ರಾನ್ಸಿಸ್ ಫೋರ್ಡ್ ಕೊಪೊಲಾ. ಚಿತ್ರ, 1972ರಲ್ಲಿ ತೆರೆಕಂಡ 'ದಿ ಗಾಡ್‌ಫಾದರ್'.

ಚಿತ್ರ ನೋಡಿದವರಿಗೆ ಈ ಜಾಗ ಕೂಡಲೇ ನೆನಪಾಗುತ್ತದೆ. ನ್ಯೂಯಾರ್ಕಿನಲ್ಲಿ ಎರಡು ಕೊಲೆ ಮಾಡಿ ತಲೆಮರೆಸಿಕೊಂಡು ಬಂದ ಮೈಕೆಲ್ ಕೊರ್ಲಿಯೋನೆ ಬೆಟ್ಟದ ದಾರಿಯಲ್ಲಿ ಅಪೊಲೋನಿಯಾ ಎಂಬ ಹುಡುಗಿಯನ್ನು ಕಂಡು ಮರುಳಾಗುತ್ತಾನೆ. ಆಕೆ ಯಾರೆಂದು ಕಾಫಿ ಅಂಗಡಿಯವನನ್ನು ವಿಚಾರಿಸುತ್ತಾನೆ. ಹುಡುಗಿ ಆ ಅಂಗಡಿಯವನ ಮಗಳೇ! ಮೊದಲು ಕೆರಳಿದ ತಂದೆ ಕಡೆಗೆ ಒಪ್ಪುತ್ತಾನೆ. ಊರಿನ ಮೇಲ್ಭಾಗದ ಸಂತ ನಿಕೊಲಾಸರ ಇಗರ್ಜಿಯಲ್ಲಿ ಮದುವೆಯಾಗುತ್ತದೆ, ವಾದ್ಯದವರೊಡನೆ ಮೆರವಣಿಗೆ ಇಳಿದು ಬರುತ್ತದೆ. ಹನಿಮೂನಿನ ದಿನಗಳು ಮುಗಿಯುವ ಮೊದಲೇ ಮೈಕೆಲ್‌ಗಾಗಿ ಕಾರಿನಲ್ಲಿಟ್ಟ ಬಾಂಬಿಗೆ ಹೆಂಡತಿ ಬಲಿಯಾಗುತ್ತಾಳೆ.

ಚಿತ್ರದಲ್ಲಿ ಈ ಸೀಮೆಯ ಹೆಸರು ಸವೋಕಾ ಎಂದಿಲ್ಲ, ಕೊರ್ಲಿಯೋನೆ ಎಂದಿದೆ. ಕೊರ್ಲಿಯೋನೆ ಎಂಬ ಊರು ಸಿಸಿಲಿಯಲ್ಲಿ ನಿಜಕ್ಕೂ ಇದೆ. ಆದರೆ ಅದಿರುವುದು ದ್ವೀಪದ ಇನ್ನೊಂದು ಕಡೆಯಲ್ಲಿ, ಪಾಲೆರ್ಮೊ ನಗರದ ದಕ್ಷಿಣಕ್ಕೆ. 1971ರ ಹೊತ್ತಿಗೆ ಆ ಊರು ಹಳೆಯ ಕಾಲದ ದೃಶ್ಯಗಳಿಗೆ ಹೊಂದದಷ್ಟು ಹೊಸದಾಗಿ ಬಿಟ್ಟಿತ್ತಾದ್ದರಿಂದ ಚಿತ್ರತಂಡ ಸವೋಕಾ ಮತ್ತು ನೆರೆಯ ಫೋರ್ಜಾ ದಾಗ್ರೊ ಎಂಬ ಬೆಟ್ಟದೂರುಗಳನ್ನು ಆರಿಸಿಕೊಂಡಿತು. ಹೀಗಾಗಿ ಸಿಸಿಲಿಯಲ್ಲಿ ಈಗ ಎರಡು ಕೊರ್ಲಿಯೋನೆಗಳು. ಒಂದು ತೆರೆಯ ಮೇಲಿನದು, ಇನ್ನೊಂದು ನೆಲದ ಮೇಲಿನದು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿಯಲ್ಲಿ ಈ ಚಿತ್ರ ಹೇಳಿದ್ದು ಯಾವುದು, ಹೇಳದೆ ಬಿಟ್ಟದ್ದು ಯಾವುದು ಎಂಬುದು ಪ್ರವಾಸಿಗನಿಗೆ ಒಂದೊಂದಾಗಿ ತಿಳಿಯುತ್ತ ಹೋಗುತ್ತದೆ.

ಸೆಳೆತದ ಗುಟ್ಟು

ಐವತ್ತು ವರ್ಷ ದಾಟಿದ ಒಂದು ಚಿತ್ರ ಇಂದಿಗೂ ಹದಿಹರೆಯದವರನ್ನು ಹಿಡಿದು ಕೂರಿಸುತ್ತದೆ ಎಂದರೆ ಅದರಲ್ಲಿ ಏನೋ ಇರಲೇಬೇಕು. ಸುಮಾರು ಮೂರು ಗಂಟೆ ಅವಧಿಯ ಚಿತ್ರ ಗುಂಡಿನ ಸದ್ದಿನಿಂದ ಶುರುವಾಗುವುದಿಲ್ಲ, ಮದುವೆ ಮನೆಯಿಂದ ಶುರುವಾಗುತ್ತದೆ. ಹೊರಗೆ ಅಂಗಳದಲ್ಲಿ ಬಿಸಿಲು, ಹಾಡು, ಕುಣಿತ, ಊಟ. ಒಳಗಿನ ಕತ್ತಲೆ ಕೋಣೆಯಲ್ಲಿ ಮದುವಣಗಿತ್ತಿಯ ತಂದೆ ವೀಟೊ ಕೊರ್ಲಿಯೋನೆ ಬೆಕ್ಕಿನ ಮರಿಯನ್ನು ನೇವರಿಸುತ್ತ ಅಹವಾಲು ಕೇಳುತ್ತಿದ್ದಾನೆ. ಶವಸಂಸ್ಕಾರದ ವೃತ್ತಿಯವನೊಬ್ಬ ಬಂದು, ತನ್ನ ಮಗಳನ್ನು ಹೊಡೆದು ಹಾಳುಮಾಡಿದ ಹುಡುಗರು ನ್ಯಾಯಾಲಯದಿಂದ ನಗುತ್ತ ಹೊರಬಂದರೆಂದು ಅಳುತ್ತಾನೆ. ಕಾನೂನು ಕೊಡದ ನ್ಯಾಯವನ್ನು ಈ ಮುದುಕ ಕೊಡಿಸುತ್ತಾನೆ. ಕೋರ್ಟು ಕಚೇರಿ ಅಲೆದು ಸುಸ್ತಾದ ಯಾವ ದೇಶದ ಪ್ರೇಕ್ಷಕನಾದರೂ ಆ ಕ್ಷಣದಲ್ಲೇ ಮುದುಕನ ಪಕ್ಷಕ್ಕೆ ಜಾರುತ್ತಾನೆ.

ಮರ್ಲನ್ ಬ್ರ್ಯಾಂಡೊ ಅವರ ಅಭಿನಯ, ಗಾರ್ಡನ್ ವಿಲಿಸ್ ಅವರ ಛಾಯಾಗ್ರಹಣ, ನೀನೊ ರೋಟಾ ಅವರ ಸಂಗೀತ ಈ ಜಾರುವಿಕೆಗೆ ಎಣ್ಣೆ ಹಚ್ಚುತ್ತವೆ. ವಿಲಿಸ್ ಬೆಳಕನ್ನು ತಲೆಯ ಮೇಲಿನಿಂದ ಬಿಟ್ಟು ಬ್ರ್ಯಾಂಡೊ ಅವರ ಕಣ್ಣುಗಳನ್ನು ನೆರಳಿನಲ್ಲಿ ಮುಳುಗಿಸಿದರು. ಎದುರಿಗಿರುವ ವ್ಯಕ್ತಿ ಏನು ಯೋಚಿಸುತ್ತಿದ್ದಾನೆಂದು ಪ್ರೇಕ್ಷಕನಿಗೆ ತಿಳಿಯುವುದಿಲ್ಲ. ತಿಳಿಯದ್ದರಿಂದಲೇ ಆತ ಇನ್ನಷ್ಟು ಮುಂದಕ್ಕೆ ಬಾಗಿ ನೋಡುತ್ತಾನೆ. ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಕೊಪೊಲಾ ಇದನ್ನು ಮನೆಯ ಚಿತ್ರದಂತೆಯೇ ಮಾಡಿದರು. ಅವರ ತಂಗಿ ತಾಲಿಯಾ ಶೈರ್ ಮದುವಣಗಿತ್ತಿಯಾದರು, ತಂದೆ ಕಾರ್ಮಿನೆ ಮದುವೆಯ ವಾದ್ಯಸಂಗೀತ ರಚಿಸಿದರು, ಎಳೆಗೂಸು ಮಗಳು ಸೋಫಿಯಾ ದೀಕ್ಷಾಸ್ನಾನದ ದೃಶ್ಯದ ಮಗುವಾದಳು. ಚಿತ್ರಕ್ಕೆ ಅತ್ಯುತ್ತಮ ಚಿತ್ರ, ನಾಯಕನಟ ಮತ್ತು ಚಿತ್ರಕಥೆಯ ಮೂರು ಆಸ್ಕರ್‌ಗಳು ಬಂದವು. 1974ರ ಎರಡನೆಯ ಭಾಗಕ್ಕೆ ಆರು ಬಂದವು.

ಮೂಲ ಕಾದಂಬರಿ 1969ರದು. ಬರೆದವರು ಮರಿಯೊ ಪೂಜೊ. ನಿಜವಾದ ಭೂಗತ ದೊರೆಯೊಬ್ಬನನ್ನೂ ತಾವು ಕಂಡಿರಲಿಲ್ಲ, ಪುಸ್ತಕಗಳನ್ನು ಓದಿಯೇ ಬರೆದೆ ಎಂದು ಅವರೇ ಹೇಳಿಕೊಂಡಿದ್ದರು. ಹಾಗಾದರೆ ವೀಟೊ ಕೊರ್ಲಿಯೋನೆಯ ಆ ತೂಕದ ಮಾತು ಎಲ್ಲಿಂದ ಬಂತು? ಅದಕ್ಕೂ ಪೂಜೊ ಉತ್ತರ ಕೊಟ್ಟಿದ್ದಾರೆ. ಆ ಪಾತ್ರ ಬಾಯಿ ತೆರೆದಾಗಲೆಲ್ಲ ಅವರಿಗೆ ಕೇಳಿಸುತ್ತಿದ್ದುದು ಅವರ ತಾಯಿಯ ದನಿ. ನ್ಯೂಯಾರ್ಕಿನ ಬಡ ಬೀದಿಯಲ್ಲಿ ಒಂದು ಹಿಂಡು ಮಕ್ಕಳನ್ನು ಕಟ್ಟಿಕೊಂಡು, ಅವರಲ್ಲಿ ಯಾರೂ ದಾರಿ ತಪ್ಪದಂತೆ ಕಣ್ಣಿಟ್ಟು ಸಾಕಿದ ವಲಸೆಗಾರ ಹೆಂಗಸಿನ ದನಿ ಅದು.

ಈ ಒಂದು ಸಂಗತಿಯಲ್ಲಿ ಚಿತ್ರದ ಸೆಳೆತದ ಗುಟ್ಟು ಬಹುಮಟ್ಟಿಗೆ ಅಡಗಿದೆ. ಪ್ರೇಕ್ಷಕರು ಮೆಚ್ಚುವ ಆ ಗಾಂಭೀರ್ಯ, ಕೊಟ್ಟ ಮಾತಿಗೆ ತಪ್ಪದ ಗುಣ, ಊಟದ ಮೇಜಿನ ಸುತ್ತ ಸೇರುವ ಕುಟುಂಬ, ಮಗ ತನ್ನಂತಾಗಬಾರದು, ಶಾಸನಸಭೆಗೋ ರಾಜ್ಯಪಾಲನ ಪದವಿಗೋ ಏರಬೇಕು ಎಂಬ ತಂದೆಯ ಹಂಬಲ, ಇವೆಲ್ಲ ದುಡಿದು ತಿಂದ ಮನೆಗಳಿಂದ ಎರವಲು ತಂದ ಒಡವೆಗಳು. ಮೈಕೆಲ್ ಆಗಿ ನಟಿಸಿದ ಅಲ್ ಪಚೀನೊ ಅವರ ಮನೆಯ ಕಥೆಯೂ ಇದಕ್ಕೆ ಸಾಕ್ಷಿ. ಅವರ ತಾಯಿಯ ತಂದೆ ಕೊರ್ಲಿಯೋನೆಯಿಂದಲೇ ಅಮೆರಿಕಕ್ಕೆ ಹೋದವರು. ಅಲ್ಲಿ ಗಾರೆ ಕೆಲಸ ಮಾಡಿ ಸಂಸಾರ ಸಾಕಿದರು. ಆ ಊರಿನಿಂದ ಹಡಗು ಹತ್ತಿದವರಲ್ಲಿ ಹೆಚ್ಚಿನವರು ಇಂಥವರೇ.

ಎರವಲು ಒಡವೆಯಾದರೂ ಹೊಳಪು ಹೊಳಪೇ. ಅದರ ಬೆಳಕು ಭಾರತಕ್ಕೂ ಬಿತ್ತು. ಮಣಿರತ್ನಂ ಅವರ 1987ರ ತಮಿಳು 'ನಾಯಗನ್', ರಾಮ್‌ಗೋಪಾಲ್ ವರ್ಮಾ ಅವರ 2005ರ ಹಿಂದಿ 'ಸರ್ಕಾರ್' ಇದೇ ಬಳ್ಳಿಯ ಕಾಯಿಗಳು. ಕನ್ನಡದಲ್ಲಿ 1995ರ 'ಓಂ', 2007ರ 'ಆ ದಿನಗಳು' ಬೆಂಗಳೂರಿನ ಭೂಗತ ಲೋಕವನ್ನೇ ಹೊಕ್ಕು ಬಂದವು. ಇಂಥ ಚಿತ್ರ ಬಂದಾಗಲೆಲ್ಲ ಅದರ ಸಂಭಾಷಣೆಗಳನ್ನು ಕಾಲೇಜು ಹುಡುಗರು ಬಾಯಿಪಾಠ ಮಾಡುತ್ತಾರೆ, ಮನೆಯಲ್ಲಿ ತಂದೆತಾಯಿಗಳು ಹುಬ್ಬು ಗಂಟಿಕ್ಕುತ್ತಾರೆ. ಹುಡುಗರ ಮೆಚ್ಚುಗೆಯೂ ಸುಳ್ಳಲ್ಲ, ಹಿರಿಯರ ಅಂಜಿಕೆಯೂ ಸುಳ್ಳಲ್ಲ. ಈ ಎರಡರ ನಡುವಿನ ಮಾತನ್ನು ಹೇಳಬಲ್ಲುದು ಸಿಸಿಲಿಯ ಇನ್ನೊಂದು ತುದಿ.

ಪಾಲೆರ್ಮೊದ ಮೆಟ್ಟಿಲು, ಪಾಲೆರ್ಮೊದ ಮರ

ಸವೋಕಾದಿಂದ ಮೆಸ್ಸೀನಾಕ್ಕೆ ಮರಳಿ, ಉತ್ತರದ ಕರಾವಳಿ ಹಿಡಿದು ಪಶ್ಚಿಮಕ್ಕೆ ಇನ್ನೂರಕ್ಕೂ ಹೆಚ್ಚು ಕಿ.ಮೀ. ಸಾಗಿದರೆ ದ್ವೀಪದ ರಾಜಧಾನಿ ಪಾಲೆರ್ಮೊ. ನಗರದ ನಡುವೆ ತೆಯಾತ್ರೊ ಮಾಸ್ಸಿಮೊ ಎಂಬ ಭವ್ಯ ಸಂಗೀತ ನಾಟಕಮಂದಿರವಿದೆ. 1897ರಲ್ಲಿ ಆರಂಭವಾದದ್ದು. 1990ರ ಮೂರನೆಯ ಭಾಗದ ಕೊನೆಯಲ್ಲಿ ಮೈಕೆಲ್‌ಗೆ ಗುರಿಯಿಟ್ಟ ಗುಂಡು ಮಗಳಿಗೆ ತಗಲುವುದು, ಆತ ಸದ್ದೇ ಹೊರಡದೆ ಬಾಯಿ ತೆರೆದು ಕೂಗುವುದು ಇದರ ಮೆಟ್ಟಿಲುಗಳ ಮೇಲೆ. ಇಲ್ಲಿಯೂ ಫೋಟೊ ತೆಗೆಸಿಕೊಳ್ಳುವವರ ಸಾಲಿದೆ.

ಆದರೆ ಚಿತ್ರೀಕರಣ ನಡೆದಾಗ ಆ ಮಂದಿರದ ಬಾಗಿಲಿಗೆ ಬೀಗ ಬಿದ್ದಿತ್ತು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ! ದುರಸ್ತಿಗೆಂದು 1974ರಲ್ಲಿ ಮುಚ್ಚಿದ ಮಂದಿರ ಮತ್ತೆ ತೆರೆದದ್ದು 23 ವರ್ಷಗಳ ಬಳಿಕ, 1997ರಲ್ಲಿ. ಊರಿನ ಸಾರ್ವಜನಿಕ ಜೀವನವೇ ಹಳ್ಳ ಹಿಡಿದಿದ್ದ ಆ ಕಾಲಕ್ಕೆ ಪಾಲೆರ್ಮೊದ ಜನ ಈ ಬೀಗವನ್ನೇ ಗುರುತಾಗಿ ತೋರಿಸುತ್ತಿದ್ದರು.

ಮಾಫಿಯಾದ ಬೇರುಗಳಲ್ಲೊಂದು ಈ ನಗರದ ಸುತ್ತಲಿನ ನಿಂಬೆ ತೋಟಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ನಿಂಬೆ ಹಡಗು ಹತ್ತಿ ಲಂಡನ್, ನ್ಯೂಯಾರ್ಕಿಗೆ ಹೋಗುತ್ತಿತ್ತು. ತೋಟಕ್ಕೆ ನೀರು ಬೇಕು, ಕಾವಲು ಬೇಕು; ಒಂದು ರಾತ್ರಿಯಲ್ಲಿ ಬೆಳೆ ಕದ್ದರೆ ವರ್ಷದ ಗಳಿಕೆ ಮಣ್ಣುಪಾಲು. ಸರಕಾರವೋ ದೂರದಲ್ಲಿತ್ತು. ಕಾವಲಿಗೆ ನಿಂತವರೇ ಕ್ರಮೇಣ ಕಪ್ಪ ಕೇಳತೊಡಗಿದರು. ಕೊಟ್ಟವನ ತೋಟ ಉಳಿಯಿತು, ಕೊಡದವನದು ಕಡಿದು ಬಿತ್ತು. ಒಳನಾಡಿನ ಗೋಧಿ ಸೀಮೆಯಲ್ಲಿ ಜಮೀನ್ದಾರರು ನಗರ ಸೇರಿದ್ದರಿಂದ ಅವರ ಭೂಮಿಯನ್ನು ಒಟ್ಟಾಗಿ ಗುತ್ತಿಗೆ ಹಿಡಿದ ಮಧ್ಯವರ್ತಿಗಳು ಬಂದೂಕಿನ ಬಲದಿಂದ ರೈತರ ಗೇಣಿ ಹಿಂಡಿದರು. ಬೀದಿ ಅಂಗಡಿಗಳಿಂದ ವಸೂಲಾಗುವ ಹಫ್ತಾಕ್ಕೆ ಸಿಸಿಲಿಯಲ್ಲಿ 'ಪಿಜ್ಜೊ' ಎಂದು ಹೆಸರು. ಚಿತ್ರದಲ್ಲಿ ವೀಟೊ ಕೊರ್ಲಿಯೋನೆ ಉಪಕಾರ ಮಾಡುವುದು ಕಾಣುತ್ತದೆ. ತಿಂಗಳು ತಿಂಗಳು ಹಣ ಎಣಿಸಿಕೊಡುವ ದಿನಸಿ ಅಂಗಡಿಯವನ ಮುಖ ಕಾಣುವುದಿಲ್ಲ. 'ಮಾಫಿಯಾ' ಎಂಬ ಶಬ್ದವಂತೂ ಮೊದಲ ಚಿತ್ರದಲ್ಲಿ ಒಮ್ಮೆಯೂ ಕೇಳುವುದಿಲ್ಲ. ಅದನ್ನು ತೆಗೆಸಿದ್ದು ನ್ಯೂಯಾರ್ಕಿನ ಒಂದು ಇಟಾಲಿಯನ್ ಅಮೆರಿಕನ್ ಸಂಘಟನೆ. ಅದರ ಮುಖಂಡ ಜೋಸೆಫ್ ಕೊಲಂಬೊ ಸ್ವತಃ ಒಂದು ಮಾಫಿಯಾ ಕುಟುಂಬದ ಯಜಮಾನನಾಗಿದ್ದ!

ನಾಟಕಮಂದಿರದಿಂದ ಸ್ವಲ್ಪ ದೂರ ನಡೆದರೆ ನೊತಾರ್‌ಬಾರ್ತೊಲೊ ಎಂಬ ಬೀದಿ. ಅಲ್ಲಿ ಒಂದು ವಸತಿ ಕಟ್ಟಡದ ಮುಂದೆ ಆಲದ ಜಾತಿಯ ದೊಡ್ಡ ಮರವಿದೆ. ಅದರ ಕಾಂಡಕ್ಕೆ ಚೀಟಿಗಳು, ಪತ್ರಗಳು, ಮಕ್ಕಳು ಬರೆದ ಚಿತ್ರಗಳು ಅಂಟಿಕೊಂಡಿರುತ್ತವೆ. ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಅವರ ಮನೆ ಈ ಕಟ್ಟಡದಲ್ಲಿತ್ತು. ಫಾಲ್ಕೋನೆ ಮತ್ತು ಅವರ ಸಹೋದ್ಯೋಗಿ ಪಾವೊಲೊ ಬೊರ್ಸೆಲ್ಲೀನೊ ಇಬ್ಬರೂ ಪಾಲೆರ್ಮೊದ ಕಾಲ್ಸಾ ಎಂಬ ಹಳೆಯ ಕೇರಿಯ ಹುಡುಗರು. ಬಾಲ್ಯದಲ್ಲಿ ಜೊತೆಗೆ ಆಡಿದವರು. ಅದೇ ಕೇರಿಯ ಬೇರೆ ಕೆಲವು ಹುಡುಗರು ಮಾಫಿಯಾ ಸೇರಿದರು, ಇವರು ಕಾನೂನು ಓದಿದರು. ಇವರೂ ಸಂಗಡಿಗರೂ ಸೇರಿ ಕಟ್ಟಿದ ಮೊಕದ್ದಮೆ 1986ರ ಫೆಬ್ರವರಿಯಿಂದ 1987ರ ಡಿಸೆಂಬರ್‌ವರೆಗೆ ನಡೆಯಿತು. ಸೆರೆಮನೆಯ ಪಕ್ಕದಲ್ಲಿ ಅದಕ್ಕೆಂದೇ ಬಾಂಬಿಗೂ ಜಗ್ಗದ ನ್ಯಾಯಾಲಯ ಕಟ್ಟಲಾಯಿತು. 300ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. 1992ರ ಜನವರಿಯಲ್ಲಿ ಇಟಲಿಯ ಸರ್ವೋನ್ನತ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು.

ಸೇಡು ತಡವಾಗಲಿಲ್ಲ. ಅದೇ ವರ್ಷ ಮೇ 23ರಂದು ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ಹೆದ್ದಾರಿಯನ್ನು ಕಪಾಚಿ ಎಂಬಲ್ಲಿ ಸ್ಫೋಟಿಸಲಾಯಿತು. ಫಾಲ್ಕೋನೆ, ಅವರ ಪತ್ನಿ ಫ್ರಾಂಚೆಸ್ಕಾ ಮೊರ್ವಿಲ್ಲೊ, ಮೂವರು ಅಂಗರಕ್ಷಕರು ಪ್ರಾಣ ತೆತ್ತರು. ಎರಡು ತಿಂಗಳೂ ತುಂಬುವ ಮೊದಲು, ಜುಲೈ 19ರಂದು, ಬೊರ್ಸೆಲ್ಲೀನೊ ಮತ್ತು ಐವರು ಅಂಗರಕ್ಷಕರು ಇನ್ನೊಂದು ಬಾಂಬಿಗೆ ಬಲಿಯಾದರು. ಇಂದು ಪಾಲೆರ್ಮೊದ ವಿಮಾನ ನಿಲ್ದಾಣಕ್ಕೆ ಇಬ್ಬರ ಹೆಸರನ್ನೂ ಇಟ್ಟಿದ್ದಾರೆ. ಈ ಸಾವುಗಳ ನಂತರವೇ ನಗರದ ಹೆಂಗಸರು ಮನೆಯ ಬಿಳಿ ಹಾಸುಬಟ್ಟೆಗಳ ಮೇಲೆ ಘೋಷಣೆ ಬರೆದು ಬಾಲ್ಕನಿಗಳಿಂದ ಇಳಿಬಿಟ್ಟರು. ಬಾಯಿ ಬಿಟ್ಟರೆ ಜೀವಕ್ಕೆ ಕುತ್ತು ಎಂದು ತಲೆಮಾರುಗಳಿಂದ ಕಲಿತಿದ್ದ ಊರು ಅದು. ಅಲ್ಲಿ ಒಗೆದು ಒಣಹಾಕುವ ಬಟ್ಟೆಯೇ ಮಾತಾಡತೊಡಗಿತು.

ನಿಜವಾದ ಕೊರ್ಲಿಯೋನೆ

ಆ ಎರಡು ಕೊಲೆಗಳಿಗೂ ಆಜ್ಞೆ ಕೊಟ್ಟವನು ತೊತೊ ರೀನಾ. ಹುಟ್ಟೂರು ಕೊರ್ಲಿಯೋನೆ.

ಪಾಲೆರ್ಮೊದಿಂದ ದಕ್ಷಿಣಕ್ಕೆ ಹೊರಟ ಬಸ್ಸು ಸಮುದ್ರವನ್ನು ಹಿಂದೆ ಬಿಟ್ಟು ಗೋಧಿ ಹೊಲಗಳ ಏರಿಳಿತದಲ್ಲಿ ಸಾಗಿ, ಸುಮಾರು ಅರವತ್ತು ಕಿ.ಮೀ. ದಾರಿ ಸವೆಸಿ ಈ ಊರನ್ನು ಮುಟ್ಟುತ್ತದೆ. ಬಂಡೆಗಳ ನಡುವೆ ಕೂತ ಊರು, ಹನ್ನೊಂದು ಸಾವಿರದಷ್ಟು ಜನ, ಎಣಿಸಲಾಗದಷ್ಟು ಇಗರ್ಜಿಗಳು. ಹೆಸರಿಗೆ 'ಸಿಂಹದ ಎದೆ' ಎಂದು ಊರವರು ಅರ್ಥ ಹೇಳುತ್ತಾರೆ. ಬಾರ್ ವಿಟೆಲ್ಲಿಯಂಥ ಚಪ್ಪರವನ್ನು ಹುಡುಕಿಕೊಂಡು ಬಂದ ಪ್ರವಾಸಿಗನಿಗೆ ಇಲ್ಲಿ ಸಿಗುವುದು ಬೇರೆಯದೇ ಕಥೆ. ಅದು ಪ್ಲಾಚಿದೊ ರಿಜ್ಜೊತ್ತೊ ಎಂಬವರದು.

ಚಿತ್ರದ ಮೊದಲ ದೃಶ್ಯ ನಡೆಯುವುದು 1945ರ ಬೇಸಿಗೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಪದಕ ಗಳಿಸಿದ ಮೈಕೆಲ್ ಸೈನಿಕನ ಸಮವಸ್ತ್ರದಲ್ಲೇ ತಂಗಿಯ ಮದುವೆಗೆ ಬಂದಿರುತ್ತಾನೆ. ಮನೆಯವರ ದಂಧೆ ತನಗೆ ಬೇಡ ಎಂದುಕೊಂಡ ಓದಿದ ಹುಡುಗ. ಆದರೆ ತಂದೆಗೆ ಗುಂಡು ಬಿದ್ದಾಗ ರಕ್ತ ಕರೆಯುತ್ತದೆ. ಹೆಜ್ಜೆ ಹೆಜ್ಜೆಯಾಗಿ ಆತ ತಂದೆಯ ಕುರ್ಚಿಯನ್ನು ಏರುತ್ತಾನೆ. ಬೇರೆ ದಾರಿಯೇ ಇರಲಿಲ್ಲ, ಹುಟ್ಟಿದ ಮನೆಯೇ ಹಣೆಬರಹ ಎಂದು ಪ್ರೇಕ್ಷಕನಿಗೆ ಅನಿಸುವಂತೆ ಕಥೆ ಹೆಣೆಯಲಾಗಿದೆ.

ಅದೇ ಯುದ್ಧ ಮುಗಿದಾಗ ನಿಜವಾದ ಕೊರ್ಲಿಯೋನೆಗೂ ಒಬ್ಬ ಮಗ ಮರಳಿ ಬಂದ. 1914ರಲ್ಲಿ ಹುಟ್ಟಿದ ರಿಜ್ಜೊತ್ತೊ ರೈತನ ಮಗ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವರು. ಮಾಫಿಯಾ ನಂಟಿನ ಆರೋಪದ ಮೇಲೆ ತಂದೆ ಕಾರ್ಮೆಲೊ ಸೆರೆಮನೆ ಸೇರಿದಾಗ ಹಿರಿಯ ಮಗ ಶಾಲೆ ಬಿಟ್ಟು ತಮ್ಮ ತಂಗಿಯರನ್ನು ಸಾಕಬೇಕಾಯಿತು. ಯುದ್ಧಕಾಲದಲ್ಲಿ ಉತ್ತರ ಇಟಲಿಗೆ ಹೋದ ಅವರು ಅಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುವ ಗೆರಿಲ್ಲಾ ದಳ ಸೇರಿದರು. ಮೈಕೆಲ್‌ನಂತೆಯೇ ಇವರೂ ಯುದ್ಧ ಕಂಡವರು. ಮೈಕೆಲ್‌ನಂತೆಯೇ ಇವರ ಮನೆಗೂ ಆ ನೆರಳು ಬಿದ್ದಿತ್ತು. ಆದರೆ ಊರಿಗೆ ಬಂದು ಇವರು ಹಿಡಿದದ್ದು ಇನ್ನೊಂದು ದಾರಿ. ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ, ಬೀಳುಬಿಟ್ಟ ಜಮೀನನ್ನು ರೈತರ ಸಹಕಾರ ಸಂಘಗಳಿಗೆ ಕೊಡಬೇಕೆಂಬ ಹೊಸ ಕಾನೂನನ್ನು ಜಾರಿಗೆ ತರಿಸಲು ಊರ ಬಡವರನ್ನು ಕಟ್ಟಿಕೊಂಡು ಹೊಲಗಳಿಗೆ ನಡೆದರು. ಆ ಹೊಲಗಳು ಯಾರ ಹಿಡಿತದಲ್ಲಿದ್ದವು ಎಂದು ಬೇರೆ ಹೇಳಬೇಕಿಲ್ಲ.

1948ರ ಮಾರ್ಚ್ 10ರ ಸಂಜೆ ರಿಜ್ಜೊತ್ತೊ ಕಾಣೆಯಾದರು. ಲುಚಾನೊ ಲಿಜ್ಜೊ ಎಂಬ ಯುವಕ ಮತ್ತವನ ಸಂಗಡಿಗರು ಅವರನ್ನು ಒಯ್ದು ಕೊಂದು ರೊಕ್ಕಾ ಬುಸಾಂಬ್ರಾ ಬೆಟ್ಟದ ಆಳವಾದ ಕೊರಕಲಿಗೆ ಎಸೆದರು. ಆ ರಾತ್ರಿ ಕುರಿ ಕಾಯುತ್ತಿದ್ದ 13 ವರ್ಷದ ಹುಡುಗ ಜುಸೆಪ್ಪೆ ಲೆತೀಜಿಯಾ ಅದನ್ನು ಕಂಡ. ಭಯದಿಂದ ಜ್ವರ ಬಂದು ಕನವರಿಸುತ್ತಿದ್ದ ಹುಡುಗನನ್ನು ಆಸ್ಪತ್ರೆಗೆ ತಂದರು. ಅಲ್ಲಿ ಚುಚ್ಚುಮದ್ದಿನ ಬಳಿಕ ಆತ ತೀರಿಕೊಂಡ. ಆ ಆಸ್ಪತ್ರೆಯ ವೈದ್ಯ ಮಿಕೇಲೆ ನವಾರ್ರಾ ಕೊರ್ಲಿಯೋನೆಯ ಮಾಫಿಯಾದ ಯಜಮಾನನೂ ಆಗಿದ್ದ. ಊರಿನ ಗೌರವಸ್ಥ, ಎಲ್ಲರ ಕಷ್ಟ ಕೇಳುವವನು, ಮೃದು ಮಾತಿನವನು. ಬೆಕ್ಕಿನ ಮರಿ ನೇವರಿಸುವ ಮುದುಕನನ್ನು ನೋಡಿ ಮನಸೋತವರು ಈ ವೈದ್ಯನನ್ನೂ ಒಮ್ಮೆ ನೆನೆಯಬೇಕು. ಹತ್ತು ವರ್ಷಗಳ ನಂತರ, 1958ರಲ್ಲಿ, ಶಿಷ್ಯ ಲಿಜ್ಜೊನ ಕಡೆಯವರೇ ನವಾರ್ರಾನನ್ನು ಗುಂಡಿಟ್ಟು ಕೊಂದರು. ದೀಕ್ಷೆ, ನಿಷ್ಠೆ, ಕುಟುಂಬ ಎಂಬ ದೊಡ್ಡ ಮಾತುಗಳ ಬೆಲೆ ಅಷ್ಟೇ. ಲಿಜ್ಜೊನ ಕೈಕೆಳಗೆ ಬೆಳೆದವರು ರೀನಾ ಮತ್ತು ಬೆರ್ನಾರ್ದೊ ಪ್ರೊವೆನ್ಜಾನೊ.

ರಿಜ್ಜೊತ್ತೊ ಅವರ ಕೆಲಸ ಅಲ್ಲಿಗೆ ನಿಂತಿತೆಂದು ಕೊಂದವರು ಭಾವಿಸಿರಬಹುದು. ತೆರವಾದ ಕುರ್ಚಿಗೆ ಇಪ್ಪತ್ತರ ಹರೆಯದ ಪಿಯೊ ಲಾ ತೊರೆ ಬಂದರು. ಕೊಲೆಯ ತನಿಖೆಯನ್ನು ಕಾರ್ಲೊ ಅಲ್ಬೆರ್ತೊ ದಲ್ಲಾ ಕಿಯೇಸಾ ಎಂಬ ತರುಣ ಕ್ಯಾಪ್ಟನ್ ಕೈಗೆತ್ತಿಕೊಂಡರು. ಸಾಕ್ಷಿ ಸಾಲದೆ ಲಿಜ್ಜೊ ಆ ಮೊಕದ್ದಮೆಯಲ್ಲಿ ಬಿಡುಗಡೆಯಾದ. ಆದರೂ ಈ ಇಬ್ಬರೂ ಬಿಡಲಿಲ್ಲ. ಮುಂದೆ ಸಂಸತ್ ಸದಸ್ಯರಾದ ಲಾ ತೊರೆ, ಮಾಫಿಯಾ ಸದಸ್ಯತ್ವವನ್ನೇ ಅಪರಾಧವೆಂದು ಸಾರುವ, ಅವರ ಆಸ್ತಿಯನ್ನು ಮುಟ್ಟುಗೋಲು ಹಾಕುವ ಮಸೂದೆಯನ್ನು ಸಿದ್ಧಪಡಿಸಿದರು. 1982ರ ಏಪ್ರಿಲ್ 30ರಂದು ಅವರ ಕೊಲೆಯಾಯಿತು. ಜನರಲ್ ಹುದ್ದೆಗೇರಿದ್ದ ದಲ್ಲಾ ಕಿಯೇಸಾ ಅವರನ್ನು ಸೆಪ್ಟೆಂಬರ್ 3ರಂದು ಕೊಂದರು. ಹತ್ತೇ ದಿನಗಳಲ್ಲಿ ಲಾ ತೊರೆ ಅವರ ಮಸೂದೆ ಕಾನೂನಾಯಿತು. ಫಾಲ್ಕೋನೆ ಮೊಕದ್ದಮೆ ಕಟ್ಟಿದ್ದು ಆ ಕಾನೂನಿನ ಬಲದಿಂದಲೇ. ಕೊರ್ಲಿಯೋನೆಯ ಒಂದು ಸಣ್ಣ ಸಂಘದ ಕಚೇರಿಯಿಂದ ಹೊರಟ ಎಳೆ ಹೀಗೆ ಪಾಲೆರ್ಮೊದ ನ್ಯಾಯಾಲಯದವರೆಗೂ ಹರಿಯುತ್ತದೆ.

ರೀನಾ 1993ರ ಜನವರಿಯಲ್ಲಿ ಸಿಕ್ಕಿಬಿದ್ದ. ಪ್ರೊವೆನ್ಜಾನೊ 43 ವರ್ಷ ತಲೆಮರೆಸಿಕೊಂಡಿದ್ದು 2006ರ ಏಪ್ರಿಲ್ 11ರಂದು ಕೊರ್ಲಿಯೋನೆಯ ಹತ್ತಿರದ ಒಂದು ತೋಟದ ಮನೆಯಲ್ಲಿ ಸೆರೆಯಾದ. ಮನೆಯಿಂದ ಅವನಿಗೆ ಹೋಗುತ್ತಿದ್ದ ಒಗೆದ ಬಟ್ಟೆಯ ಗಂಟನ್ನು ಪೊಲೀಸರು ಬೆನ್ನುಹತ್ತಿದ್ದರು. ಇಡೀ ದ್ವೀಪವನ್ನು ನಡುಗಿಸಿದ ದೊರೆಯ ಅರಮನೆ ಎಂದರೆ ಕುರಿಗಾಹಿಯ ಗುಡಿಸಲಿನಂಥ ಕೋಣೆ. ರಾಜಾಜ್ಞೆ ಎಂದರೆ ಟೈಪು ಮಾಡಿ ಮಡಚಿದ ಸಣ್ಣ ಚೀಟಿಗಳು. ಅಲ್ಲಿ ಹಿತ್ತಾಳೆ ವಾದ್ಯದ ಮೆರವಣಿಗೆಯಿಲ್ಲ, ಕಪ್ಪು ಸೂಟಿನ ಠೀವಿಯಿಲ್ಲ.

ಬಾಗಿಲಿನ ಆಚೆ ಈಚೆ

2000ದ ಡಿಸೆಂಬರಿನಲ್ಲಿ ಕೊರ್ಲಿಯೋನೆಯಲ್ಲಿ ಮಾಫಿಯಾ ಮತ್ತು ಮಾಫಿಯಾ ವಿರೋಧಿ ಚಳವಳಿಯ ದಾಖಲೆ ಕೇಂದ್ರವೊಂದು ಆರಂಭವಾಯಿತು. ಮಹಾ ಮೊಕದ್ದಮೆಯ ಕಡತಗಳು ಅಲ್ಲಿನ ಕಪಾಟುಗಳಲ್ಲಿವೆ. ಗೋಡೆಗಳ ಮೇಲೆ ಪಾಲೆರ್ಮೊದ ಛಾಯಾಗ್ರಾಹಕಿ ಲೆತೀಜಿಯಾ ಬತ್ತಾಲಿಯಾ ತೆಗೆದ ಕಪ್ಪು ಬಿಳುಪು ಚಿತ್ರಗಳಿವೆ. ಬೀದಿಯಲ್ಲಿ ಬಿದ್ದ ಹೆಣ, ಅದರ ಪಕ್ಕ ಮುಖ ಮುಚ್ಚಿ ನಿಂತ ಹೆಂಡತಿ, ಕಿಟಕಿಯಿಂದ ಇಣುಕುವ ಮಕ್ಕಳು. ವಿಲಿಸ್ ಅವರ ಕ್ಯಾಮೆರಾದಲ್ಲೂ ಕಪ್ಪು ನೆರಳಿದೆ, ಬತ್ತಾಲಿಯಾ ಅವರ ಚಿತ್ರಗಳಲ್ಲೂ ಇದೆ. ಒಂದರಲ್ಲಿ ಕೊಲ್ಲಿಸುವವನ ಮುಖ ಸುಂದರವಾಗುತ್ತದೆ, ಇನ್ನೊಂದರಲ್ಲಿ ಸತ್ತವನ ಮನೆಯವರು ಕಾಣುತ್ತಾರೆ.

ಮುಟ್ಟುಗೋಲಾದ ಆಸ್ತಿಯನ್ನು ಸಮಾಜದ ಕೆಲಸಕ್ಕೆ ಬಳಸಬೇಕೆಂದು ಹತ್ತು ಲಕ್ಷ ಸಹಿ ಸಂಗ್ರಹಿಸಿದ್ದರ ಫಲವಾಗಿ 1996ರಲ್ಲಿ ಇನ್ನೊಂದು ಕಾನೂನು ಬಂತು. ಪ್ರೊವೆನ್ಜಾನೊ ಕಡೆಯಿಂದ ಕಿತ್ತುಕೊಂಡ ಕೊರ್ಲಿಯೋನೆಯ ಮನೆಯೊಂದು ಇಂದು ಕಾನೂನಿನ ಪಾಠ ಹೇಳುವ ತಾಣ. 2001ರಲ್ಲಿ ಆರಂಭವಾದ, ರಿಜ್ಜೊತ್ತೊ ಅವರ ಹೆಸರನ್ನೇ ಹೊತ್ತ ಸಹಕಾರ ಸಂಘ ಈ ಸೀಮೆಯಲ್ಲಿ ಮಾಫಿಯಾದವರ ಜಮೀನುಗಳಲ್ಲಿ ಗೋಧಿ, ದ್ರಾಕ್ಷಿ ಬೆಳೆಯುತ್ತದೆ. 2004ರಲ್ಲಿ ಪಾಲೆರ್ಮೊದಲ್ಲಿ ಓದು ಮುಗಿಸಿ ಒಂದು ಅಂಗಡಿ ತೆರೆಯಲು ಹೊರಟ ಗೆಳೆಯರ ಗುಂಪು, ಹಫ್ತಾ ಕೊಡುವ ಊರಿಗೆ ಮಾನವಿಲ್ಲ ಎಂಬರ್ಥದ ಚೀಟಿಗಳನ್ನು ಒಂದೇ ರಾತ್ರಿ ಬೀದಿ ಬೀದಿಗೆ ಅಂಟಿಸಿತು. ಅದು ಬೆಳೆದು 'ಅದ್ದಿಯೊಪಿಜ್ಜೊ' ಎಂಬ ಸಂಘವಾಯಿತು. ಹಫ್ತಾ ಕೊಡೆವು ಎಂದ ಅಂಗಡಿಗಳು ತಮ್ಮ ಬಾಗಿಲಿಗೆ ಆ ಸಂಘದ ಗುರುತು ಅಂಟಿಸಿಕೊಳ್ಳುತ್ತವೆ.

ಕಥೆ ಸುಖಾಂತವಾಯಿತು ಎನ್ನುವಂತಿಲ್ಲ. ಮಾಫಿಯಾ ನುಸುಳಿದೆಯೆಂಬ ಕಾರಣಕ್ಕೆ 2016ರಲ್ಲಿ ಕೊರ್ಲಿಯೋನೆಯ ಪುರಸಭೆಯನ್ನೇ ಸರಕಾರ ವಿಸರ್ಜಿಸಬೇಕಾಯಿತು. ಮತ್ತೇವೊ ಮೆಸ್ಸೀನಾ ದೆನಾರೊ ಎಂಬ ಇನ್ನೊಬ್ಬ ದೊರೆ ಮೂವತ್ತು ವರ್ಷ ಕಣ್ಮರೆಯಾಗಿದ್ದು 2023ರ ಜನವರಿಯಲ್ಲಷ್ಟೇ ಸಿಕ್ಕಿದ. ಪ್ರವಾಸಿ ಅಂಗಡಿಗಳಲ್ಲಿ ಬ್ರ್ಯಾಂಡೊ ಮುಖದ ಅಂಗಿಗಳು ಇಂದಿಗೂ ತೂಗುತ್ತವೆ.

ಹಾಗೆಂದು ಚಿತ್ರವನ್ನು ದೂರಿ ಫಲವಿಲ್ಲ. ಎಚ್ಚರದಿಂದ ನೋಡಿದವರಿಗೆ ಅದು ತನ್ನ ಕೊನೆಯ ದೃಶ್ಯದಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದೆ. ಆ ಕೊಲೆ ಮಾಡಿಸಿದ್ದು ನೀನೇ ಏನು ಎಂದು ಹೆಂಡತಿ ಕೇ ಕೇಳುತ್ತಾಳೆ. ಮೈಕೆಲ್ ಅವಳ ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಎಂದು ಸುಳ್ಳು ಹೇಳುತ್ತಾನೆ. ಆಕೆ ಹೊರಗೆ ನಿಂತು ನೋಡುತ್ತಿರುವಂತೆಯೇ ಒಳಗೆ ಗಂಡಸರು ಬಂದು ಅವನ ಕೈಗೆ ಮುತ್ತಿಡುತ್ತಾರೆ, ಯಾರೋ ಬಾಗಿಲು ಮುಚ್ಚುತ್ತಾರೆ. ಮೂರು ಗಂಟೆ ಆ ಕೋಣೆಯೊಳಗೇ ಕುಳಿತಿದ್ದ ಪ್ರೇಕ್ಷಕ, ಕಡೆಯ ಗಳಿಗೆಯಲ್ಲಿ ಆಕೆಯ ಮುಖವನ್ನು ಕಾಣುತ್ತಾನೆ. ಆಕೆಯ ಬೆನ್ನ ಹಿಂದೆ ಯಾರೆಲ್ಲ ನಿಂತಿದ್ದಾರೆಂದು ತಿಳಿಯಲು ಕೊರ್ಲಿಯೋನೆಯವರೆಗೆ ಹೋಗಬೇಕು. ಹಾಗೆ ಹೋದವರು ಚಿತ್ರವನ್ನು ಇನ್ನೊಮ್ಮೆ ನೋಡಬಹುದು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೂ ನೋಡಬಹುದು.

ರೊಕ್ಕಾ ಬುಸಾಂಬ್ರಾದ ಕೊರಕಲಿನಲ್ಲಿ 2009ರಲ್ಲಿ ಕೆಲವು ಮೂಳೆಗಳು ಸಿಕ್ಕಿದವು. ಯಾರವೆಂದು ತಿಳಿಯಲು, ಎಂದೋ ತೀರಿಕೊಂಡಿದ್ದ ತಂದೆ ಕಾರ್ಮೆಲೊ ಅವರ ಸಮಾಧಿಯನ್ನು ತೆರೆದು ಡಿಎನ್‌ಎ ಹೋಲಿಸಿ ನೋಡಿದರು. 2012ರಲ್ಲಿ ಉತ್ತರ ಬಂತು: ಅವು ಪ್ಲಾಚಿದೊ ರಿಜ್ಜೊತ್ತೊ ಅವರವು. ಒಂದು ಕಾಲಕ್ಕೆ ತಂದೆಯ ಹೆಸರು ಮಗನ ಶಾಲೆ ಬಿಡಿಸಿತ್ತು. ಅರವತ್ತನಾಲ್ಕು ವರ್ಷಗಳ ಬಳಿಕ ಅದೇ ತಂದೆಯ ರಕ್ತ ಮಗನಿಗೆ ಹೆಸರನ್ನು ಮರಳಿ ಕೊಟ್ಟಿತು. ಮೇ 24ರಂದು ಕೊರ್ಲಿಯೋನೆಯಲ್ಲಿ ಸಕಲ ಸರಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಇಟಲಿಯ ರಾಷ್ಟ್ರಾಧ್ಯಕ್ಷ ಜಾರ್ಜೊ ನಪೊಲಿತಾನೊ ಬಂದು ನಿಂತರು. ಸಿಂಹದ ಎದೆ ಎಂಬ ಹೆಸರಿನ ಆ ಊರು ಅಂದು ತನ್ನ ಮಗನನ್ನು ಹೆಗಲ ಮೇಲೆ ಹೊತ್ತು ನಡೆಯಿತು.